ಸ್ವಿಟ್ಜರ್ಲೆಂಡಿನ ಟೋರ್ಬೆಲ್‌ನಲ್ಲಿ ಜನ ಹೊಟ್ಟೆಪಾಡಿಗೆ ಏನು ಮಾಡುತ್ತಾರೆ?

ಪ್ರಶ್ನೆ: ಎಂ.ಎ. ಅರ್ಥಶಾಸ್ತ್ರದ ಪಾಠದಲ್ಲಿ ಟೋರ್ಬೆಲ್ ಅನ್ನೋ ಸ್ವಿಸ್ ಹಳ್ಳಿಯ ಹೆಸರು ಬರುತ್ತದೆ. ಊರಿನ ಹುಲ್ಲುಗಾವಲನ್ನು ಜನರೇ ಸೇರಿ ಐನೂರು ವರ್ಷ ಕಾಪಾಡಿಕೊಂಡರು ಅಂತ ಒಂದು ಪುಟ ಇದೆ, ಅಷ್ಟೇ. ಆ ಊರು ಈಗಲೂ ಇದೆಯಾ? ಅಲ್ಲಿ ಜಮೀನು ಯಾರದ್ದು, ಜನ ಹೊಟ್ಟೆಪಾಡಿಗೆ ಏನು ಮಾಡುತ್ತಾರೆ? ನಮ್ಮ ಗೋಮಾಳಕ್ಕೆ ಆ ನಿಯಮ ತಂದರೆ ಆಗುತ್ತಾ? ಇನ್ನೊಂದು, ಸ್ವಿಸ್ ಹಳ್ಳಿಗೆ ಹೋಗಿ ನೆಲೆಸಿದರೆ 45 ಲಕ್ಷ ಕೊಡುತ್ತಾರೆ ಅನ್ನೋ ಸುದ್ದಿ ನಿಜವಾ? ಒಂದು ಸಲ ಹೋಗಿ ನೋಡುವ ಆಸೆಯೂ ಇದೆ.

ಉತ್ತರ: ಊರು ಇದೆ. ಸುಮಾರು 500 ಜನ ಇದ್ದಾರೆ, ಸ್ವಂತ ಪಂಚಾಯಿತಿ ಇದೆ, ಬಸ್ಸೂ ಬರುತ್ತದೆ. ಆದರೆ ನಿಮ್ಮ ಪಾಠದ ಆ ಒಂದು ಪುಟ 1483ಕ್ಕೆ ಶುರುವಾಗಿ ಹೆಚ್ಚುಕಡಿಮೆ 1970ಕ್ಕೆ ನಿಂತುಬಿಡುತ್ತದೆ. ಅಲ್ಲಿಂದ ಈಚೆಗೆ ಊರಿನ ಲೆಕ್ಕಾಚಾರ ತಲೆಕೆಳಗಾಗಿದೆ. ಬೆಟ್ಟಕ್ಕೆ ಹಸು ಜಾಸ್ತಿ ಹೋಗದಂತೆ ಕಾದುಕೊಂಡು ಬಂದವರ ಮೊಮ್ಮಕ್ಕಳ ಕಾಲಕ್ಕೆ ಹಸುವೇ ಸಾಲುತ್ತಿಲ್ಲ. ಇದನ್ನು ಬಿಟ್ಟು ಹಳೇ ನಿಯಮವನ್ನು ಮಾತ್ರ ಹೊಗಳುವುದು ನನಗೆ ಸರಿ ಕಾಣುವುದಿಲ್ಲ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಜಾಗ. ಸ್ವಿಟ್ಜರ್ಲೆಂಡಿನ ದಕ್ಷಿಣ ಅಂಚಿನಲ್ಲಿ ವಾಲಿಸ್ ಅನ್ನೋ ಕ್ಯಾಂಟನ್ ಇದೆ. ನಮ್ಮ ರಾಜ್ಯ ಇದ್ದ ಹಾಗೆ, ಅಂಥವು ಒಟ್ಟು 26. ರೋನ್ ನದಿ ಇದರ ಉದ್ದಕ್ಕೂ ಹರಿಯುತ್ತದೆ. ಜೆರ್ಮಾಟ್ ಕಡೆಯಿಂದ ಒಂದು ಹೊಳೆ, ಸಾಸ್ ಕಡೆಯಿಂದ ಇನ್ನೊಂದು ಹೊಳೆ ಬಂದು ಶ್ಟಾಲ್ಡನ್ ಎಂಬಲ್ಲಿ ಸೇರುತ್ತವೆ. ಹಾಗೇ ಕೆಳಗೆ ಇಳಿದು ಫಿಸ್ಪ್ ಪಟ್ಟಣದ ಹತ್ತಿರ ರೋನ್‌ಗೆ ಬೀಳುತ್ತವೆ. ಈ ಕಣಿವೆಯ ಪಶ್ಚಿಮದ ಇಳಿಜಾರಿನಲ್ಲಿ, ಶ್ಟಾಲ್ಡನ್‌ಗಿಂತ ಸುಮಾರು 700 ಮೀಟರ್ ಎತ್ತರದಲ್ಲಿ ಟೋರ್ಬೆಲ್ ಕೂತಿದೆ. ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 1,500 ಮೀಟರ್. ಊರಿನ ಮೇಲಕ್ಕೆ ಇನ್ನೂ ಹತ್ತುತ್ತಾ ಹೋದರೆ ಆಗ್‌ಸ್ಟ್‌ಬೋರ್ಡ್‌ಹಾರ್ನ್ ಶಿಖರ, ಅದು 2,973 ಮೀಟರ್.

ಸ್ವಿಟ್ಜರ್ಲೆಂಡ್ ಅಂದ ಕೂಡಲೇ ಮಳೆ, ಹಿಮ, ಹಸಿರು ಅಂತ ಅಂದುಕೊಳ್ಳುತ್ತೇವೆ ಅಲ್ವಾ? ಈ ಕಣಿವೆ ಹಾಗಿಲ್ಲ. ಉತ್ತರಕ್ಕೂ ದಕ್ಷಿಣಕ್ಕೂ 4,000 ಮೀಟರ್ ದಾಟುವ ಬೆಟ್ಟಗಳು ಮೋಡವನ್ನು ತಡೆದುಬಿಡುತ್ತವೆ. ಹಾಗಾಗಿ ಶ್ಟಾಲ್ಡನ್ ಸುತ್ತಮುತ್ತ ವರ್ಷಕ್ಕೆ ಬೀಳುವುದು 550 ಮಿಲಿಮೀಟರ್ ಆಸುಪಾಸು. ಇಡೀ ದೇಶದಲ್ಲೇ ಅತಿ ಒಣ ಜಾಗ ಇದು. ನಮ್ಮ ಚಿತ್ರದುರ್ಗದ ಮಳೆ ಲೆಕ್ಕಕ್ಕೆ ಹತ್ತಿರ. ಇಳಿಜಾರು ಆಗ್ನೇಯಕ್ಕೆ ಮುಖ ಮಾಡಿರುವುದರಿಂದ ಬಿಸಿಲು ಚೆನ್ನಾಗಿ ಬೀಳುತ್ತದೆ. ಅಂದರೆ ಬೆಳೆಗೆ ಬೇಕಾದ ಬಿಸಿಲು ಇದೆ, ನೀರು ಇಲ್ಲ. ನೀರು ಇರುವುದು ಮೇಲೆ, ಹಿಮ ಕರಗುವ ತೊರೆಗಳಲ್ಲಿ. ಅದನ್ನು ಬೆಟ್ಟದ ಪಕ್ಕೆಯಲ್ಲೇ ಕೊರೆದ ಕಾಲುವೆಗಳಲ್ಲಿ ತಂದರು. ಇಲ್ಲಿನವರು ಅವನ್ನು ಸೂವೊನ್ ಅನ್ನುತ್ತಾರೆ. ಕೆಲವು ಕಡೆ ಬಂಡೆಗೆ ಮರದ ದೋಣಿಗಳನ್ನು ನೇತುಹಾಕಿ ನೀರು ದಾಟಿಸಿದ್ದಾರೆ. ಇದನ್ನು ಕಟ್ಟುವುದು, ಪ್ರತಿ ವಸಂತದಲ್ಲಿ ಕೆಸರು ತೆಗೆಯುವುದು, ಯಾವ ಮನೆಗೆ ಎಷ್ಟು ಗಂಟೆ ನೀರು ಅಂತ ಸರದಿ ಹಾಕುವುದು ಒಬ್ಬನಿಂದ ಆಗುವ ಕೆಲಸವಲ್ಲ. ವಾಲಿಸ್‌ನಲ್ಲಿ ಈ ಸರದಿಯನ್ನು ಮರದ ಕಡ್ಡಿಗಳ ಮೇಲೆ ಮನೆತನದ ಗುರುತು ಕೆತ್ತಿ ಲೆಕ್ಕ ಇಡುತ್ತಿದ್ದರು. ಓದು ಬರಹ ಬಾರದವನಿಗೂ ತನ್ನ ಗುರುತು ಗೊತ್ತಾಗುತ್ತಿತ್ತು. ಇಂಥ ನೀರಾವರಿ ಪದ್ಧತಿಯನ್ನು 2023ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಯುರೋಪಿನ ಬೇರೆ ಕೆಲವು ದೇಶಗಳೂ ಅದರಲ್ಲಿವೆ.

ಈಗ ಜಮೀನು ಯಾರದ್ದು ಅನ್ನೋ ಪ್ರಶ್ನೆ. ಇಲ್ಲಿ ಹೆಚ್ಚಿನವರಿಗೆ ಒಂದು ತಪ್ಪು ಕಲ್ಪನೆ ಇದೆ: ಟೋರ್ಬೆಲ್‌ನಲ್ಲಿ ಎಲ್ಲವೂ ಊರೊಟ್ಟಿಂದು ಅಂತ. ಖಂಡಿತ ಅಲ್ಲ. ಹೊಲ, ತೋಟ, ಹುಲ್ಲು ಕೊಯ್ಯುವ ಜಾಗ, ಕೆಳಗಿನ ದ್ರಾಕ್ಷಿ ತೋಟ ಎಲ್ಲ ಖಾಸಗಿ. ಬರೀ ಖಾಸಗಿ ಅಲ್ಲ, ವಿಪರೀತ ಖಾಸಗಿ. ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಸಮಪಾಲು ಕೊಡುವ ಪದ್ಧತಿ ಇದ್ದಿದ್ದರಿಂದ ತಲೆಮಾರಿನಿಂದ ತಲೆಮಾರಿಗೆ ಜಮೀನು ಚೂರುಚೂರಾಗಿ, ಒಂದೊಂದು ಮನೆಗೂ ಕೆಳಗಿಂದ ಮೇಲಿನವರೆಗೆ ಅಲ್ಲೊಂದು ಇಲ್ಲೊಂದು ತುಂಡು ಬಂತು. ನಮ್ಮ ಕೃಷಿ ಅಧಿಕಾರಿಗಳು ನೋಡಿದರೆ ತಲೆ ಚಚ್ಚಿಕೊಳ್ಳುತ್ತಾರೆ. ಆದರೆ ಈ ಊರಿನಲ್ಲಿ ಅದು ಅಷ್ಟೇನೂ ದಡ್ಡತನ ಅಲ್ಲ. ಕೆಳಗೆ ಬೆಚ್ಚಗಿನ ಜಾಗದಲ್ಲಿ ದ್ರಾಕ್ಷಿ, ಮಧ್ಯದಲ್ಲಿ ರೈ ಧಾನ್ಯ ಮತ್ತು ಆಲೂಗಡ್ಡೆ, ಅದರ ಮೇಲೆ ಹುಲ್ಲು. ಒಂದೊಂದು ಎತ್ತರದಲ್ಲಿ ಬೆಳೆ ಕೈಗೆ ಬರುವ ಕಾಲವೇ ಬೇರೆ. ಒಂದು ಕಡೆ ಮಂಜು ಸುಟ್ಟರೆ ಇನ್ನೊಂದು ಕಡೆ ಉಳಿಯುತ್ತದೆ. ಕೆಲಸವೂ ಒಟ್ಟಿಗೆ ತಲೆ ಮೇಲೆ ಬೀಳುವುದಿಲ್ಲ.

ಮನೆಗಳೂ ಹಾಗೇ. ಲಾರ್ಚ್ ಮರದ ದಿಮ್ಮಿಗಳಿಂದ ಕಟ್ಟಿದ, ಬಿಸಿಲಿಗೆ ಕಪ್ಪಾದ ಎತ್ತರದ ಮನೆಗಳು. ಒಂದು ಮಹಡಿ ಒಬ್ಬರದು, ಮೇಲಿನದು ಅವನ ತಮ್ಮನದು ಅಥವಾ ಸಂಬಂಧವೇ ಇಲ್ಲದ ಇನ್ನೊಬ್ಬರದು. ಕಣಜದಲ್ಲಿ, ಕೊಟ್ಟಿಗೆಯಲ್ಲಿ ಕೂಡ ಕಾಲು ಪಾಲು, ಅರ್ಧ ಪಾಲು. ತಮಾಷೆ ಏನೆಂದರೆ 1912ರಲ್ಲಿ ಜಾರಿಗೆ ಬಂದ ಸ್ವಿಸ್ ಸಿವಿಲ್ ಕಾಯ್ದೆ ಹೊಸದಾಗಿ ಹೀಗೆ ಮಹಡಿ ಲೆಕ್ಕದಲ್ಲಿ ಮಾಲೀಕತ್ವ ಕೊಡುವುದನ್ನೇ ನಿಲ್ಲಿಸಿತು, ಜಗಳ ಜಾಸ್ತಿ ಅಂತ. ಆಮೇಲೆ ನಗರದಲ್ಲಿ ಫ್ಲ್ಯಾಟ್ ಮಾರಬೇಕಾದಾಗ 1965ರಲ್ಲಿ ಅದನ್ನೇ ವಾಪಸ್ ತಂದರು. ಬೆಟ್ಟದ ರೈತರು ಅಲ್ಲಿವರೆಗೂ ಹಳೆಯ ಮಹಡಿಗಳಲ್ಲೇ ತಮ್ಮ ಪಾಡಿಗೆ ತಾವಿದ್ದರು.

ಹಾಗಾದರೆ ಊರೊಟ್ಟಿನದು ಯಾವುದು? ಮೇಲಿನ ಬೇಸಿಗೆ ಹುಲ್ಲುಗಾವಲು, ಕಾಡು, ಯಾವುದಕ್ಕೂ ಬಾರದ ಪಾಳು ಜಾಗ, ನೀರಿನ ಕಾಲುವೆ, ಇವನ್ನೆಲ್ಲ ಜೋಡಿಸುವ ದಾರಿಗಳು. ಇಷ್ಟೇ. 1970ರ ದಶಕದಲ್ಲಿ ರಾಬರ್ಟ್ ನೆಟಿಂಗ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು ಈ ಊರಿನಲ್ಲಿ ಕೂತು ದಾಖಲೆ, ಚರ್ಚಿನ ಜನನ ಮರಣದ ಪುಸ್ತಕ ಎಲ್ಲ ಜಾಲಾಡಿದರು. ಜಮೀನು ಕೈಬದಲಾದ ಕಾಗದಗಳು 1224ರಿಂದಲೇ ಸಿಗುತ್ತವೆ. ಅವರು ಕೇಳಿಕೊಂಡ ಪ್ರಶ್ನೆ ಬಹಳ ಸರಳ: ಒಂದೇ ಜನ, ಒಂದೇ ಊರು, ಕೆಲವು ಜಮೀನನ್ನು ಸ್ವಂತಕ್ಕೆ ಇಟ್ಟುಕೊಂಡು ಕೆಲವನ್ನು ಯಾಕೆ ಒಟ್ಟಿಗೆ ಇಟ್ಟುಕೊಂಡರು? ಅವರ ಉತ್ತರ ಇದು. ಎಲ್ಲಿ ಗೊಬ್ಬರ, ನೀರು, ಬೆವರು ಹಾಕಿದಷ್ಟೂ ಬೆಳೆ ಬರುತ್ತದೋ ಅಲ್ಲಿ ಖಾಸಗಿ. ಎಲ್ಲಿ ಎಕರೆಗೆ ಸಿಗುವುದು ಕಡಿಮೆ, ಅದೂ ಒಂದು ವರ್ಷ ಇಲ್ಲಿ ಇನ್ನೊಂದು ವರ್ಷ ಅಲ್ಲಿ, ಬೇಲಿ ಹಾಕುವ ಖರ್ಚೇ ಆದಾಯಕ್ಕಿಂತ ಜಾಸ್ತಿ, ಅಲ್ಲಿ ಎಲ್ಲರದು. 2,200 ಮೀಟರ್ ಎತ್ತರದ ಹುಲ್ಲನ್ನು ಪಾಲು ಮಾಡಿಕೊಂಡು ಒಬ್ಬೊಬ್ಬರು ಒಂದೊಂದು ಬೇಲಿ ಹಾಕಿ ಒಬ್ಬೊಬ್ಬ ಗೋವಳನನ್ನು ಇಡುವುದು ಹುಚ್ಚು ಕೆಲಸ. ಒಬ್ಬ ಗೋವಳ, ಒಬ್ಬ ಗಿಣ್ಣು (ಚೀಸ್) ಮಾಡುವವ ಇಡೀ ಊರಿನ ಹಸು ನೋಡಿಕೊಳ್ಳಬಹುದು. ಇದರಲ್ಲಿ ಆದರ್ಶ ಗೀದರ್ಶ ಏನೂ ಇಲ್ಲ, ಶುದ್ಧ ಲೆಕ್ಕ.

ನಿಮ್ಮ ಪಾಠದ ನಿಯಮಕ್ಕೆ ಬರೋಣ. 1483ರ ಫೆಬ್ರವರಿ 1ರಂದು ಊರಿನವರು ಸೇರಿ ಒಂದು ಕರಾರು ಬರೆದುಕೊಂಡರು. ಹೊರಗಿನವನು ಇಲ್ಲಿ ಜಮೀನು ಕೊಂಡರೂ ಬೇಸಿಗೆ ಹುಲ್ಲುಗಾವಲಿನಲ್ಲಿ, ಕಾಡಿನಲ್ಲಿ ಅವನಿಗೆ ಹಕ್ಕಿಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿದೆ. 1507ರಲ್ಲಿ ಗಡಿ ಪಟ್ಟಿ. 1517ರಲ್ಲಿ ಆ ಮುಖ್ಯ ನಿಯಮ: ಚಳಿಗಾಲದಲ್ಲಿ ಸ್ವಂತ ಮೇವಿನಿಂದ ಎಷ್ಟು ಹಸು ಸಾಕಬಲ್ಲೆಯೋ ಬೇಸಿಗೆಯಲ್ಲಿ ಅಷ್ಟೇ ಹಸುಗಳನ್ನು ಮೇಲೆ ಕಳಿಸು, ಒಂದು ಜಾಸ್ತಿ ಕಳಿಸುವಂತಿಲ್ಲ.

ಇದು ಎಷ್ಟು ಜಾಣ ನಿಯಮ ಅಂದರೆ, ಹುಲ್ಲುಗಾವಲನ್ನು ಅಳೆಯುವ ತಂಟೆಯೇ ಇಲ್ಲ. ಇಷ್ಟು ಎಕರೆಗೆ ಇಷ್ಟು ಹಸು ಅಂತ ಹೇಳಿದ್ದರೆ ಪ್ರತಿ ವರ್ಷ ಜಗಳ. ಚಳಿಗಾಲದ ಮೇವು ಬರುವುದು ನಿನ್ನ ಸ್ವಂತ ಹುಲ್ಲುಗದ್ದೆಯಿಂದ. ಅದು ಎಷ್ಟಿದೆ ಅಂತ ಪಕ್ಕದ ಮನೆಯವನಿಗೂ ಗೊತ್ತು. ನವೆಂಬರ್‌ನಿಂದ ಏಪ್ರಿಲ್‌ವರೆಗೆ ನಿನ್ನ ಕೊಟ್ಟಿಗೆಯಲ್ಲಿ ಎಷ್ಟು ಹಸು ನಿಂತಿದ್ದವು ಅನ್ನೋದೂ ಗೊತ್ತು. ಬೇಸಿಗೆಗೆ ಮಾತ್ರ ಹೊರಗಿನಿಂದ ಹತ್ತು ಹಸು ತಂದು ಮೇಯಿಸಿ, ಶರತ್ಕಾಲಕ್ಕೆ ಮಾರಿ ದುಡ್ಡು ಮಾಡುವ ದಾರಿ ಅಲ್ಲಿಗೆ ಮುಚ್ಚಿತು.

ಕೊಟ್ಟಿಗೆಯ ವಿಷಯ ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಫೋಟೊ ನೋಡಿದವರೆಲ್ಲ ಕೇಳುತ್ತಾರೆ: ಇಳಿಜಾರಿನ ತುಂಬ ಅಷ್ಟೊಂದು ಚಿಕ್ಕ ಚಿಕ್ಕ ಮರದ ಕೊಟ್ಟಿಗೆಗಳು ಯಾಕೆ ಹರಡಿಕೊಂಡಿವೆ? ಹುಲ್ಲನ್ನು ಕೊಯ್ದು ಬೆನ್ನ ಮೇಲೆ ಹೊತ್ತು ಊರಿಗೆ ತರುವುದು ಕಷ್ಟ. ಹಾಗಾಗಿ ಹುಲ್ಲು ಬೆಳೆದ ಕಡೆಯೇ ಕೊಟ್ಟಿಗೆ ಕಟ್ಟಿ ಅಲ್ಲೇ ತುಂಬಿಟ್ಟರು. ಚಳಿಗಾಲದಲ್ಲಿ ಹಸುವನ್ನೇ ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ನಡೆಸಿದರು. ಅಲ್ಲಿನ ಮೇವು ತಿಂದು ಅಲ್ಲೇ ಗೊಬ್ಬರ ಹಾಕಿ ಮುಂದಿನ ಕೊಟ್ಟಿಗೆಗೆ. ಧಾನ್ಯದ ಕಣಜ ಮಾತ್ರ ಊರೊಳಗೆ. ಅದನ್ನು ಮರದ ಕಾಲುಗಳ ಮೇಲೆ ನಿಲ್ಲಿಸಿ, ಪ್ರತಿ ಕಾಲಿನ ಮೇಲೆ ಒಂದು ಅಗಲದ ಚಪ್ಪಟೆ ಕಲ್ಲು ಇಡುತ್ತಾರೆ. ಇಲಿ ಹತ್ತಿ ಬಂದರೂ ಆ ಕಲ್ಲು ದಾಟಲಾಗದು. ರೈ ರೊಟ್ಟಿಯನ್ನು ಊರಿನ ಒಲೆಯಲ್ಲಿ ವರ್ಷಕ್ಕೆ ಎರಡು ಮೂರು ಸಲ ಮಾತ್ರ ಸುಡುತ್ತಿದ್ದರು. ತಿಂಗಳುಗಟ್ಟಲೆ ಇಟ್ಟು ಗಟ್ಟಿಯಾದ ಮೇಲೆ ಕೊಡಲಿಗೆ ಅಣ್ಣನಂಥ ಕತ್ತಿ ಬೇಕು ಕೊಯ್ಯಲು. ಈಗ ಅದೇ ವಾಲಿಸ್ ರೈ ರೊಟ್ಟಿಗೆ ಮೂಲಸ್ಥಾನದ ರಕ್ಷಣೆ ಸಿಕ್ಕಿದೆ, ಪೇಟೆಯಲ್ಲಿ ಒಳ್ಳೆ ಬೆಲೆ ಇದೆ.

ನಿಯಮ ಬರೆದರೆ ಆಯ್ತಾ? ನೋಡಿಕೊಳ್ಳುವವರು ಬೇಕಲ್ಲ. ಊರಿನವರು ವರ್ಷಕ್ಕೊಮ್ಮೆ ಸಭೆ ಸೇರಿ ಉಸ್ತುವಾರಿಯವರನ್ನು ಆರಿಸುತ್ತಿದ್ದರು. ಹೆಚ್ಚು ಹಸು ಕಳಿಸಿದವನಿಗೆ ದಂಡ ಹಾಕುವ ಅಧಿಕಾರಿ ಒಬ್ಬನಿದ್ದ, ಗೆವಾಲ್ಟ್‌ಹಾಬರ್ ಅಂತ. ದಂಡದ ಅರ್ಧ ಹಣ ಅವನಿಗೇ. ನೆಂಟ ಅಂತ ಕಣ್ಣು ಮುಚ್ಚಿಕೊಂಡರೆ ಅವನ ಜೇಬಿಗೇ ನಷ್ಟ. ಯಾರ ಹಸು ಎಷ್ಟು ಮೇಯುತ್ತವೋ ಆ ಲೆಕ್ಕಕ್ಕೆ ಅವರು ದುಡಿಯಬೇಕು: ದಾರಿ ಸರಿಮಾಡುವುದು, ಹಿಮಪಾತಕ್ಕೆ ಬಿದ್ದ ಗುಡಿಸಲು ಎತ್ತಿ ನಿಲ್ಲಿಸುವುದು, ಗೊಬ್ಬರ ಹರಡುವುದು. ಗಿಣ್ಣನ್ನು ಯಾರ ಹಸು ಎಷ್ಟು ಹಾಲು ಕೊಟ್ಟಿತು ಅಂತ ನೋಡಿ ಹಂಚುತ್ತಿದ್ದರು. ಕಾಡಿನಲ್ಲಿ ಕಡಿಯಬಹುದಾದ ಮರಗಳಿಗೆ ಮೊದಲೇ ಗುರುತು ಹಾಕಿ, ಮನೆಗಳನ್ನು ಗುಂಪು ಮಾಡಿ, ಚೀಟಿ ಎತ್ತಿ ಮರ ಕೊಡುತ್ತಿದ್ದರು. ಒಳ್ಳೆ ಮರ ಯಾರಿಗೆ ಬರುತ್ತದೋ ಚೀಟಿಗೆ ಬಿಟ್ಟಿದ್ದು.

1968ರಲ್ಲಿ ಅಮೆರಿಕದ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಎಲ್ಲರಿಗೂ ಸೇರಿದ ಹುಲ್ಲುಗಾವಲು ಹಾಳಾಗದೆ ಇರುವುದಿಲ್ಲ ಅಂತ ಬರೆದಿದ್ದರು. ಅಮೆರಿಕದವರೇ ಆದ ರಾಜ್ಯಶಾಸ್ತ್ರಜ್ಞೆ ಎಲಿನೋರ್ ಆಸ್ಟ್ರಮ್ ಅದಕ್ಕೆ ಉತ್ತರವಾಗಿ ಜಗತ್ತಿನ ಹಲವು ಕಡೆಯ ಉದಾಹರಣೆ ಕೊಟ್ಟರು, ಅದರಲ್ಲಿ ನೆಟಿಂಗ್ ಅವರ ಟೋರ್ಬೆಲ್ ಒಂದು. 2009ರಲ್ಲಿ ಆಸ್ಟ್ರಮ್‌ಗೆ ಅರ್ಥಶಾಸ್ತ್ರದ ನೊಬೆಲ್ ಬಂತು, ಆ ಬಹುಮಾನ ಪಡೆದ ಮೊದಲ ಹೆಂಗಸು ಅವರು. ಟೋರ್ಬೆಲ್ ನಿಮ್ಮ ಸಿಲಬಸ್‌ಗೆ ಬಂದ ದಾರಿ ಇದು.

ಆದರೆ ಈ ವ್ಯವಸ್ಥೆಯ ಬೆಲೆ ಏನು ಅನ್ನೋದನ್ನು ಪಾಠದಲ್ಲಿ ಒತ್ತಿ ಹೇಳುವುದಿಲ್ಲ. ಹುಲ್ಲು ಮಿತಿ ಅಂದರೆ ಹಸು ಮಿತಿ, ಹಸು ಮಿತಿ ಅಂದರೆ ಮನೆ ಮಿತಿ. ಜನ ತಡವಾಗಿ ಮದುವೆಯಾಗುತ್ತಿದ್ದರು. ಎಷ್ಟೋ ಮಂದಿ ಆಗುತ್ತಲೇ ಇರಲಿಲ್ಲ. ಅಣ್ಣನ ಮನೆಯಲ್ಲಿ ದುಡಿದು ಮುದುಕರಾದ ಚಿಕ್ಕಪ್ಪ, ಅತ್ತೆಯರು ಪ್ರತಿ ಕುಟುಂಬದಲ್ಲೂ ಇದ್ದರು. ಉಳಿದವರು ಊರು ಬಿಟ್ಟರು. ಈ ಮೇಲ್ ವಾಲಿಸ್ ಭಾಗದಿಂದ ಹೋದವರು 1858ರಲ್ಲಿ ಅರ್ಜೆಂಟೀನಾದಲ್ಲಿ ಸಾನ್ ಹೆರೋನಿಮೊ ನೋರ್ತೆ ಅನ್ನೋ ಊರನ್ನೇ ಕಟ್ಟಿದರು. ಟೋರ್ಬೆಲ್‌ನ ಜನಸಂಖ್ಯೆ ನಿಜವಾಗಿ ಮೇಲೆ ಹೋಗಿದ್ದು ಆಲೂಗಡ್ಡೆ ಬಂದು, ಅದೇ ತುಂಡು ಜಮೀನಿನಲ್ಲಿ ಜಾಸ್ತಿ ಹೊಟ್ಟೆ ತುಂಬತೊಡಗಿದ ಮೇಲೆ. ಹೊರಗಿನವರನ್ನು ಒಳಗೆ ಬಿಡದ ಕರಾರು, ಮದುವೆಯಾಗದ ತಮ್ಮಂದಿರು, ಹಡಗು ಹತ್ತಿದ ಮಕ್ಕಳು, ಇವನ್ನೆಲ್ಲ ಬಿಟ್ಟು 'ಸುಸ್ಥಿರ' ಅಂತ ಬರೆದುಕೊಂಡರೆ ಪರೀಕ್ಷೆಯಲ್ಲಿ ಅಂಕ ಬರಬಹುದು, ಊರು ಅರ್ಥವಾಗುವುದಿಲ್ಲ.

ಈಗ ಇವತ್ತಿನ ಹೊಟ್ಟೆಪಾಡು. ಇಲ್ಲಿ ಹಸುವನ್ನು ಬಿಟ್ಟು ಕೆಮಿಕಲ್ ಫ್ಯಾಕ್ಟರಿಗೆ ಬರಬೇಕು. ಕೆಳಗೆ ಫಿಸ್ಪ್‌ನಲ್ಲಿ ಲೋನ್ಜಾ ಕಂಪನಿ ಇದೆ. 1897ರಲ್ಲಿ ಹತ್ತಿರದ ಗಾಂಪೆಲ್‌ನಲ್ಲಿ ಶುರುವಾಗಿ, 1909ರಿಂದ ಫಿಸ್ಪ್‌ನಲ್ಲಿ ಕೆಲಸ ಮಾಡುತ್ತಿದೆ. ಬೆಟ್ಟದ ನೀರಿನಿಂದ ಅಗ್ಗದ ಕರೆಂಟು ಸಿಗುತ್ತದೆ ಅಂತಲೇ ಇಂಥ ಕಾರ್ಖಾನೆಗಳು ಈ ಮೂಲೆಗೆ ಬಂದಿದ್ದು. ಮೊದಲು ಕಾರ್ಬೈಡು, ಗೊಬ್ಬರ. ಈಗ ಔಷಧಿಯ ಕಚ್ಚಾವಸ್ತು. ಮಾಡರ್ನಾ ಕೋವಿಡ್ ಲಸಿಕೆಯ ಮುಖ್ಯ ವಸ್ತು ತಯಾರಾದ ಜಾಗಗಳಲ್ಲಿ ಇದೂ ಒಂದು. ಸುತ್ತಲಿನ ಬೆಟ್ಟದ ಹಳ್ಳಿಗಳ ಗಂಡಸರು ಶಿಫ್ಟ್ ಮುಗಿಸಿ ಮನೆಗೆ ಬಂದು ಹುಲ್ಲು ಕೊಯ್ಯುವುದು ಇಪ್ಪತ್ತನೇ ಶತಮಾನದ ಉದ್ದಕ್ಕೂ ನಡೆದ ಪದ್ಧತಿ. ಹಗಲು ಫ್ಯಾಕ್ಟರಿ, ಸಂಜೆ ಕೊಟ್ಟಿಗೆ. ಗಂಡ ಕಣಿವೆಗೆ ಇಳಿದ ಮೇಲೆ ಬೇಸಾಯದ ಹೊರೆ ಬಿದ್ದಿದ್ದು ಹೆಂಡತಿಯ ಮೇಲೆ ಮತ್ತು ಮುದುಕರ ಮೇಲೆ. ಮೊದಲು ಹಸು ಹೋಯಿತು, ಕುರಿ ಉಳಿಯಿತು. ಕುರಿಗೆ ದಿನಾ ಎರಡು ಹೊತ್ತು ಹಾಲು ಕರೆಯುವ ಕಾಟ ಇಲ್ಲವಲ್ಲ. ಮುಖ, ಮೊಣಕಾಲು ಕಪ್ಪಾಗಿ ಮೈ ಬಿಳಿ ಉಣ್ಣೆಯ ಬೊಂಬೆ ಹಾಗೆ ಕಾಣುವ ಆ ಕರಿಮೂಗಿನ ಕುರಿಗಳ ಫೋಟೊ ನೀವು ನೋಡಿರುತ್ತೀರಿ. ಅದು ಈ ಸೀಮೆಯ ತಳಿ. ದುಡ್ಡಿಗಿಂತ ಹೆಮ್ಮೆಗೆ ಸಾಕುವವರೇ ಜಾಸ್ತಿ ಅಂತ ನನ್ನ ಅಂದಾಜು.

ಊರಿನಲ್ಲೇ ಇರುವ ಕೆಲಸ ಕಡಿಮೆ: ಬಡಗಿ, ಕಟ್ಟಡ ಕೆಲಸ, ಪಂಚಾಯಿತಿ, ಶಾಲೆ, ಒಂದಷ್ಟು ಪ್ರವಾಸಿಗರು. ಮೇಲೆ 2,000 ಮೀಟರ್ ದಾಟಿದ ಜಾಗದಲ್ಲಿ ಮೋಸ್‌ಆಲ್ಪ್ ಇದೆ, ಬೇಸಿಗೆಗೆ ನಡಿಗೆ, ಚಳಿಗಾಲಕ್ಕೆ ಚಿಕ್ಕ ಸ್ಕೀ ಜಾಗ. ಜೆರ್ಮಾಟ್ ಹತ್ತಿರದಲ್ಲೇ ಇದ್ದರೂ ಇದು ಜೆರ್ಮಾಟ್ ಅಲ್ಲ. ಅಲ್ಲಿಗೆ 1891ರಲ್ಲೇ ರೈಲು ಹೋಯಿತು, ಮ್ಯಾಟರ್‌ಹಾರ್ನ್ ಶಿಖರ ಇತ್ತು. ಟೋರ್ಬೆಲ್ ದೊಡ್ಡ ಪ್ರವಾಸೋದ್ಯಮದಿಂದ ತಪ್ಪಿಸಿಕೊಂಡಿತು ಅನ್ನಿ, ಅಥವಾ ಅದಕ್ಕೆ ಆ ಅದೃಷ್ಟ ಸಿಗಲಿಲ್ಲ ಅನ್ನಿ. ಊರಿನವರನ್ನೇ ಕೇಳಿದರೆ ಎರಡೂ ಉತ್ತರ ಸಿಗುತ್ತವೆ.

ಉಳಿದ ರೈತರು ಬದುಕಿರುವುದು ಬರ್ನ್‌ನಿಂದ ಬರುವ ಹಣದಿಂದ. ಸ್ವಿಸ್ ಕೇಂದ್ರ ಸರಕಾರ ರೈತರಿಗೆ ನೇರ ಪಾವತಿಯಾಗಿ ವರ್ಷಕ್ಕೆ ಸುಮಾರು 280 ಕೋಟಿ ಫ್ರಾಂಕ್ ಕೊಡುತ್ತದೆ. ಇಡೀ ದೇಶದಲ್ಲಿ ಉಳಿದಿರುವ ಕೃಷಿ ಕುಟುಂಬಗಳು 50,000ಕ್ಕೂ ಕಡಿಮೆ ಅಂತ ನೆನಪಿಡಿ. ಇಳಿಜಾರು ಕಡಿದಾದಷ್ಟು ಹಣ ಜಾಸ್ತಿ. ಶೇ. 50 ದಾಟಿದ ಇಳಿಜಾರಿಗೆ ಹೆಕ್ಟೇರಿಗೆ 1,000 ಫ್ರಾಂಕ್‌ವರೆಗೆ ಇಳಿಜಾರಿನ ಭತ್ಯೆಯೇ ಬರುತ್ತದೆ, ಮಿಕ್ಕ ಪಾವತಿ ಬೇರೆ. ಟೋರ್ಬೆಲ್‌ನ ಪಕ್ಕದ ಎಂಬ್ಡ್ ಅನ್ನೋ ಊರು ಇನ್ನೂ ಕಡಿದು, ಅಲ್ಲಿನ ಕೋಳಿಗಳು ಕಾಲಿಗೆ ಮುಳ್ಳಿನ ಕಬ್ಬಿಣ ಕಟ್ಟಿಕೊಂಡು ಓಡಾಡುತ್ತವೆ ಅಂತ ಸುತ್ತಲಿನವರು ನಗೆಯಾಡುತ್ತಾರೆ.

ಬೇಸಿಗೆ ಹುಲ್ಲುಗಾವಲಿಗೆ ಬೇರೆ ಹಣ. ಒಂದು ದೊಡ್ಡ ಜಾನುವಾರು 100 ದಿನ ಮೇಲೆ ಮೇದರೆ ಒಂದು ಘಟಕ, ಘಟಕಕ್ಕೆ ಸುಮಾರು 400 ಫ್ರಾಂಕ್. ಇಷ್ಟು ಹಸು ಅಂತ ಪ್ರತಿ ಹುಲ್ಲುಗಾವಲಿಗೂ ಒಂದು ಸಂಖ್ಯೆ ನಿಗದಿಯಾಗಿದೆ. ಅದಕ್ಕಿಂತ ತುಂಬಾ ಜಾಸ್ತಿ ಹಸು ಹೋದರೆ ಹಣ ಕಡಿತ. ತೀರಾ ಕಡಿಮೆ ಹೋದರೂ ಕಡಿತ! ಈ ಎರಡನೇ ಕಡಿತದಲ್ಲೇ ನಾನು ಮೊದಲು ಹೇಳಿದ ತಲೆಕೆಳಗಾದ ಲೆಕ್ಕ ಇದೆ. 1517ರಲ್ಲಿ ಹೆದರಿಕೆ ಇದ್ದಿದ್ದು ಹಸು ಜಾಸ್ತಿಯಾಗುತ್ತದೆ ಅಂತ. ಈಗಿನ ಹೆದರಿಕೆ ಹಸು ಇಲ್ಲದೆ ಹುಲ್ಲುಗಾವಲು ಪೊದೆಯಾಗಿ, ಪೊದೆ ಕಾಡಾಗಿಬಿಡುತ್ತದೆ ಅಂತ. ಆಲ್ಪ್ಸ್ ಬೆಟ್ಟಗಳಲ್ಲಿ ಕಾಡು ಬೆಳೆಯುತ್ತಲೇ ಇದೆ, ನಮ್ಮ ಕಡೆಯವರಿಗೆ ಇದು ಒಳ್ಳೆ ಸುದ್ದಿ ಅನ್ನಿಸಬಹುದು. ಆದರೆ ಕೊಯ್ಯದ ಉದ್ದ ಹುಲ್ಲಿನ ಮೇಲೆ ಹಿಮ ಸುಲಭವಾಗಿ ಜಾರುತ್ತದೆ, ಮೇಯುವ ಜಾಗದ ಹೂವು ಕೀಟಗಳೂ ಹೋಗುತ್ತವೆ. ಅದಕ್ಕೇ ಜೂರಿಕ್‌ನ ಬ್ಯಾಂಕ್ ನೌಕರನ ತೆರಿಗೆಯಲ್ಲಿ ಒಂದು ಪಾಲು ವಾಲಿಸ್‌ನ ಹಸುವನ್ನು ಬೆಟ್ಟ ಹತ್ತಿಸಲು ಖರ್ಚಾಗುತ್ತದೆ. ಸಾಲದ್ದಕ್ಕೆ ತೋಳ ಬೇರೆ. 1995ರ ಸುಮಾರಿಗೆ ಇಟಲಿ ಕಡೆಯಿಂದ ವಾಪಸ್ ಬಂತು. ತೋಳ ಹೊಡೆಯುವುದನ್ನು ಸಲೀಸು ಮಾಡುವ ಕಾಯ್ದೆಯನ್ನು 2020ರಲ್ಲಿ ದೇಶದ ಜನ ಮತ ಹಾಕಿ ತಿರಸ್ಕರಿಸಿದರು. ಆದರೆ ವಾಲಿಸ್ ಅದರ ಪರ ಇತ್ತು. ಆಮೇಲೆ ಸಂಸತ್ತು ಕಾಯ್ದೆ ಬದಲಿಸಿ, 2023ರ ಕೊನೆಯಿಂದ ಮುಂಚಿತವಾಗಿಯೇ ತೋಳದ ಸಂಖ್ಯೆ ಇಳಿಸಲು ಅವಕಾಶ ಕೊಟ್ಟಿತು. ಈ ವಿಷಯ ಎತ್ತಿದರೆ ಅಲ್ಲಿ ಒಂದು ಗಂಟೆ ಹೋಗುತ್ತದೆ, ನಾನು ಇಲ್ಲಿಗೇ ನಿಲ್ಲಿಸುತ್ತೇನೆ.

ಆಡಳಿತ ಹೇಗೆ ಅಂತ ನೀವು ಕೇಳಿಲ್ಲ, ಆದರೆ ಜಮೀನಿನ ಪ್ರಶ್ನೆಗೆ ಅದು ಬೇಕು. ಒಂದೇ ಊರಿನಲ್ಲಿ ಎರಡು ಸಂಸ್ಥೆ. ಒಂದು, ಅಲ್ಲಿ ವಾಸ ಇರುವವರ ಪಂಚಾಯಿತಿ: ರಸ್ತೆ, ನೀರು, ಶಾಲೆ, ತೆರಿಗೆ. ಇನ್ನೊಂದು, ಊರಿನ ಮೂಲ ಹಕ್ಕುದಾರರ ಸಂಸ್ಥೆ: ಕಾಡು ಮತ್ತು ಹುಲ್ಲುಗಾವಲಿನ ಒಡೆತನ ಹೆಚ್ಚಾಗಿ ಇದರ ಕೈಯಲ್ಲಿ. ಸ್ವಿಸ್ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಬರೆಯುವುದಿಲ್ಲ, ಮೂಲದ ಊರು ಬರೆಯುತ್ತಾರೆ. ಹಾಗಾಗಿ ಟೋರ್ಬೆಲ್ ಮುಖವನ್ನೇ ನೋಡದ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಟೋರ್ಬೆಲ್ ಅಂತಿರುತ್ತದೆ. ವರ್ಷಕ್ಕೆ ಕನಿಷ್ಠ ಎರಡು ಸಲ ಮತದಾರರೆಲ್ಲ ಸೇರುವ ಸಭೆಯಲ್ಲಿ ಬಜೆಟ್ಟು, ಲೆಕ್ಕಪತ್ರ ಪಾಸಾಗಬೇಕು. ಅಧ್ಯಕ್ಷರದು ಅರೆಕಾಲಿಕ ಕೆಲಸ. ತುಂಬಾ ಪ್ರಜಾಪ್ರಭುತ್ವ ಅನ್ನಿಸುತ್ತದೆ, ಆದರೆ ವಾಲಿಸ್‌ನ ಹೆಂಗಸರಿಗೆ ಮತದ ಹಕ್ಕು ಬಂದಿದ್ದೇ 1970ರಲ್ಲಿ. ಅದರಲ್ಲೂ ಒಂದು ಸ್ವಾರಸ್ಯ: ಮೋಸ್‌ಆಲ್ಪ್ ದಾಟಿ ಆ ಕಡೆ ಇಳಿದರೆ ಬ್ಯೂರ್ಖೆನ್, ಅದರ ಪಕ್ಕ ಉಂಟರ್‌ಬೆಖ್. ದೇಶದ ಕಾನೂನನ್ನು ಲೆಕ್ಕಿಸದೆ ಆ ಹಳ್ಳಿ 1957ರ ಮಾರ್ಚ್‌ನಲ್ಲಿ ತನ್ನ ಹೆಂಗಸರಿಗೆ ರಾಷ್ಟ್ರೀಯ ಮತದಾನದಲ್ಲಿ ಮತ ಹಾಕಲು ಬಿಟ್ಟಿತು. 33 ಹೆಂಗಸರು ಬೇರೆ ಪೆಟ್ಟಿಗೆಯಲ್ಲಿ ಮತ ಹಾಕಿದರು. ಸ್ವಿಟ್ಜರ್ಲೆಂಡಿನಲ್ಲಿ ಅದೇ ಮೊದಲು. ಆ ಮತಗಳನ್ನು ಮೇಲಿನವರು ಎಣಿಸಲಿಲ್ಲ ಅನ್ನೋದು ಬೇರೆ ಮಾತು.

ಇನ್ನು 45 ಲಕ್ಷದ ಸುದ್ದಿ. ಅದು ಟೋರ್ಬೆಲ್ ಅಲ್ಲ, ವಾಲಿಸ್‌ನದೇ ಆಲ್ಬಿನೆನ್ ಅನ್ನೋ ಇನ್ನೂ ಚಿಕ್ಕ ಹಳ್ಳಿ. ಶಾಲೆ ಮುಚ್ಚಿ, ಮಕ್ಕಳಿರುವ ಕುಟುಂಬಗಳು ಇಳಿದು ಹೋಗುತ್ತಿದ್ದಾಗ 2017ರ ನವೆಂಬರ್‌ನಲ್ಲಿ ಊರಿನ ಸಭೆ ಒಂದು ಯೋಜನೆ ಒಪ್ಪಿತು: ದೊಡ್ಡವರಿಗೆ ತಲಾ 25,000 ಫ್ರಾಂಕ್, ಮಗುವಿಗೆ 10,000. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಅಂದರೆ 70,000. ಆಗಿನ ದರದಲ್ಲಿ ಸುಮಾರು 45 ಲಕ್ಷ ರೂಪಾಯಿ. ಇಷ್ಟೇ ಹಿಡಿದುಕೊಂಡು ಜಗತ್ತಿನ ಪತ್ರಿಕೆಗಳು ಬರೆದವು, ಪಾಪ ಆ ಪಂಚಾಯಿತಿಗೆ ಎಲ್ಲೆಲ್ಲಿಂದಲೋ ಅರ್ಜಿ ಬಂದು ಬಿದ್ದವು. ಷರತ್ತು ಯಾರೂ ಓದಲಿಲ್ಲ. ವಯಸ್ಸು 45 ದಾಟಿರಬಾರದು. ಕನಿಷ್ಠ 2 ಲಕ್ಷ ಫ್ರಾಂಕ್ ಹಾಕಿ ಅಲ್ಲಿ ಮನೆ ಕಟ್ಟಬೇಕು ಅಥವಾ ಕೊಳ್ಳಬೇಕು. ಹತ್ತು ವರ್ಷ ಅಲ್ಲೇ ಖಾಯಂ ಇರಬೇಕು, ಮುಂಚೆ ಬಿಟ್ಟರೆ ಹಣ ವಾಪಸ್. ವಿದೇಶಿಯರಾದರೆ ಮೊದಲೇ ಖಾಯಂ ವಾಸದ ಪರವಾನಗಿ ಇರಬೇಕು. ಹುಬ್ಬಳ್ಳಿಯಿಂದ ನೇರ ಹೋಗಿ ತೆಗೆದುಕೊಳ್ಳುವ ಹಣ ಅಲ್ಲ ಅದು. ಅಲ್ಲಿನ ಮನೆ ಬೆಲೆಗೆ ಕೊಡುವ ಒಂದು ರಿಯಾಯಿತಿ, ಅಷ್ಟೇ.

ಇದಕ್ಕೆ ಸೇರಿದ್ದೇ ಇನ್ನೊಂದು ತಕರಾರು. 2012ರಲ್ಲಿ ದೇಶದ ಜನ ಮತ ಹಾಕಿ, ಒಂದು ಪಂಚಾಯಿತಿಯ ಮನೆಗಳಲ್ಲಿ ಶೇ. 20ಕ್ಕಿಂತ ಹೆಚ್ಚು ರಜಾ ಮನೆಗಳಿರಬಾರದು ಅಂತ ಮಾಡಿದರು. ಹೌದು ಅಂದವರು ಶೇ. 50.6 ಮಾತ್ರ. ವಾಲಿಸ್ ಬೇಡ ಅಂದಿತ್ತು. ಅಲ್ಲಿನ ಬೆಟ್ಟದ ಹಳ್ಳಿಗಳಲ್ಲಿ ಹೆಚ್ಚಿನವು ಆ ಮಿತಿಯನ್ನು ಆಗಲೇ ದಾಟಿದ್ದವು, ಹೊಸ ರಜಾ ಮನೆ ಕಟ್ಟುವ ಕೆಲಸ ನಿಂತಿತು, ಬಡಗಿಗಳಿಗೂ ಗಾರೆಯವರಿಗೂ ಹೊಡೆತ ಬಿತ್ತು. ವರ್ಷದಲ್ಲಿ ಮೂರು ವಾರ ಮಾತ್ರ ಕಿಟಕಿ ತೆರೆಯುವ ಮನೆಗಳಿಂದ ಊರು ಉಳಿಯುವುದಿಲ್ಲ ಅನ್ನೋದು ನಿಜ. ಆದರೆ ನಗರದವರು ಬೆಟ್ಟದವರಿಗೆ ಮತ ಹಾಕಿ ಹೇಳಿದ ರೀತಿ ಅಲ್ಲಿ ಇನ್ನೂ ಚುಚ್ಚುತ್ತದೆ.

ಗೋಮಾಳದ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ: ನಿಯಮವನ್ನು ಮಾತ್ರ ಕಿತ್ತು ತಂದು ನೆಟ್ಟರೆ ಬೇರು ಬಿಡುವುದಿಲ್ಲ. ನಮ್ಮ ಭೂಕಂದಾಯ ನಿಯಮದಲ್ಲಿ 100 ಜಾನುವಾರಿಗೆ 12 ಹೆಕ್ಟೇರ್ ಗೋಮಾಳ ಬಿಡಬೇಕು ಅಂತಿದೆ. ಅಂದರೆ ದನ ಎಷ್ಟಿವೆಯೋ ಅದಕ್ಕೆ ತಕ್ಕ ಜಾಗ. ಟೋರ್ಬೆಲ್ ಲೆಕ್ಕ ಉಲ್ಟಾ: ಮೇವು ಎಷ್ಟಿದೆಯೋ ಅದಕ್ಕೆ ತಕ್ಕ ದನ. ನಮ್ಮಲ್ಲಿ ದನ ಕಡಿಮೆಯಾದರೆ ಹೆಚ್ಚುವರಿ ಗೋಮಾಳ ಅಂತ ಹೆಸರಿಟ್ಟು ಬೇರೆ ಕೆಲಸಕ್ಕೆ ಕೊಡಲು ದಾರಿ ಆಗುತ್ತದೆ. ಅಲ್ಲಿ ದನ ಕಡಿಮೆಯಾದರೂ ಜಾಗ ಊರಿನದೇ. ಇನ್ನೂ ದೊಡ್ಡ ವ್ಯತ್ಯಾಸ, ಗೋಮಾಳ ಸರಕಾರದ್ದು. ಅಲ್ಲಿ ದನ ಮೇಯಿಸುವ ಊರಿನವರ ಕೈಯಲ್ಲಿ ದಂಡ ಹಾಕುವ ಅಧಿಕಾರ ಇಲ್ಲ, ಒತ್ತುವರಿ ಮಾಡಿದವನನ್ನು ಎಬ್ಬಿಸುವ ಅಧಿಕಾರವೂ ಇಲ್ಲ, ತಹಶೀಲ್ದಾರರ ಕಚೇರಿಗೆ ಅರ್ಜಿ ಕೊಟ್ಟು ಕಾಯಬೇಕು. ಮತ್ತೆ ನಮ್ಮ ಊರುಗಳಲ್ಲಿ ಜಮೀನೇ ಇಲ್ಲದವರು ಗೋಮಾಳ ನಂಬಿಕೊಂಡು ಎರಡು ಆಡು ಸಾಕುತ್ತಾರೆ. 'ಸ್ವಂತ ಮೇವಿದ್ದಷ್ಟು ದನ' ಅಂದರೆ ಮೊದಲು ಹೊರಗೆ ಬೀಳುವವರು ಅವರೇ. ಟೋರ್ಬೆಲ್‌ನಲ್ಲಿ ಸಮಪಾಲಿನ ಆಸ್ತಿ ಪದ್ಧತಿಯಿಂದ ಹೆಚ್ಚುಕಡಿಮೆ ಎಲ್ಲ ಮನೆಗೂ ಒಂದಿಷ್ಟು ಹುಲ್ಲುಗದ್ದೆ ಇತ್ತು, ಹಾಗಾಗಿ ಆ ನಿಯಮ ಅಲ್ಲಿ ಅನ್ಯಾಯ ಅನ್ನಿಸಲಿಲ್ಲ. ನೀವು ಪ್ರಬಂಧ ಬರೆಯುವುದಾದರೆ ಈ ಅಂಶ ಹಿಡಿಯಿರಿ. ಹಸುವಿನ ಸಂಖ್ಯೆಗಿಂತ ದಂಡದ ಅರ್ಧ ಹಣ ಯಾರ ಜೇಬಿಗೆ ಹೋಗುತ್ತಿತ್ತು ಅನ್ನೋದನ್ನೂ ನೋಡಿ.

ಹೋಗಿ ನೋಡುವುದು ಕಷ್ಟವೇನಿಲ್ಲ. 2007ರಲ್ಲಿ ಲೋಟ್ಶ್‌ಬೆರ್ಗ್ ಸುರಂಗ ತೆರೆದ ಮೇಲೆ ಬರ್ನ್‌ನಿಂದ ಫಿಸ್ಪ್‌ಗೆ ರೈಲಿನಲ್ಲಿ ಒಂದು ಗಂಟೆಯೂ ಬೇಡ. ಅಲ್ಲಿಂದ ಶ್ಟಾಲ್ಡನ್, ಆಮೇಲೆ ಹಳದಿ ಬಣ್ಣದ ಅಂಚೆ ಬಸ್ಸು ತಿರುವುಗಳನ್ನು ಹತ್ತಿಕೊಂಡು ಟೋರ್ಬೆಲ್‌ಗೆ ಬಿಡುತ್ತದೆ. ಹಳೆ ಕಣಜ, ಗಿರಣಿ, ಒಲೆಮನೆಗಳನ್ನು ಊರಿನವರೇ ದುರಸ್ತಿ ಮಾಡಿ ಇಟ್ಟುಕೊಂಡಿದ್ದಾರೆ. ಮೋಸ್‌ಆಲ್ಪ್ ದಾಟುವ ರಸ್ತೆ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಜಾನುವಾರು ಮೇಲೆ ಮೇಯುವುದನ್ನು ನೋಡಬೇಕಾದರೆ ಜುಲೈ ಅಥವಾ ಆಗಸ್ಟ್‌ನಲ್ಲಿ ಹೋಗಿ. ಕೋರ್ಸಿನಲ್ಲಿ ಕಲಿತ ಜರ್ಮನ್ ಇದ್ದರೆ ಮಾತಾಡಲು ಸಾಕು, ಆದರೆ ಅವರು ತಮ್ಮತಮ್ಮಲ್ಲಿ ಆಡುವ ವಾಲಿಸ್ ಜರ್ಮನ್ ಜೂರಿಕ್‌ನವರಿಗೇ ಅರ್ಧ ತಿಳಿಯುವುದಿಲ್ಲ.